ಹುಲಿಯನ್ನು ನೋಡಲು ಕುಟ್ಟಕ್ಕೆ ಹೋದದ್ದು

ಹುಲಿಯನ್ನು ಮೃಗಾಲಯದಲ್ಲಿ ನೋಡಿದರೆ ಅದು ನೋಡಿದಂತಾಗುವುದಿಲ್ಲ ಎಂಬುದು ನನ್ನ ಮೊಮ್ಮಗಳ ವಾದ. ಮೈಸೂರಿನಲ್ಲಿ ಮನೆ ಮಾಡಿಕೊಂಡಿರುವ ನಮಗೆ ಮೃಗಾಲಯವೆಂದರೆ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಬೇಕಾದ ಸ್ಥಳ. ಅಲ್ಲಿಯ ಹುಲಿ, ಮಧ್ಯಾಹ್ನದ ಊಟ ಮುಗಿಸಿ ಒರಗಿದ ಯಜಮಾನರಂತೆ, ಯಾರತ್ತಲೂ ಕಣ್ಣೆತ್ತದೆ ಬಿದ್ದುಕೊಂಡಿರುತ್ತದೆ. (ಈ ಹೋಲಿಕೆಗೆ ನಮ್ಮ ಯಜಮಾನರ ಆಕ್ಷೇಪಣೆಯಿದೆ.) ಕಾಡಿನ ಹುಲಿಯನ್ನೇ ನೋಡಬೇಕೆಂದು ಮೂರನೆಯ ತರಗತಿಯ ಹುಡುಗಿ ಹಟ ಹಿಡಿದ ಮೇಲೆ ಹಿರಿಯರ ಮಾತು ಎಲ್ಲಿ ನಡೆಯುತ್ತದೆ? 2024ರ ಫೆಬ್ರವರಿಯ ಒಂದು ಶನಿವಾರ ಮಗ, ಸೊಸೆ, ಮೊಮ್ಮಗಳು ಮತ್ತು ನಾವಿಬ್ಬರು ಕುಟ್ಟಕ್ಕೆ ಹೊರಟೆವು. ಕುಟ್ಟದ ಸಮೀಪದ ಒಂದು ಕಾಫಿ ತೋಟದಲ್ಲಿ ನನ್ನ ತಂಗಿಯ ಮೈದುನ ರೈಟರ್ ಆಗಿದ್ದಾರೆ. ತೋಟದ ಲೆಕ್ಕಪತ್ರ, ಆಳುಗಳ ಹಾಜರಿ, ಸಂಬಳದ ಬಟವಾಡೆ ಎಲ್ಲವೂ ಅವರ ಕೈಯಲ್ಲಿ.

ಕುಟ್ಟ ಕೊಡಗಿನ ದಕ್ಷಿಣದ ತುದಿ. ಊರು ದಾಟಿ ನಾಲ್ಕಾರು ಕಿಲೋಮೀಟರ್ ಹೋದರೆ ಕೇರಳದ ವಯನಾಡು. ಅಲ್ಲಿಯ ತೋಲ್ಪೆಟ್ಟಿಯಲ್ಲಿಯೂ ವನ್ಯಧಾಮವೇ. ಪಶ್ಚಿಮಕ್ಕೆ ಬ್ರಹ್ಮಗಿರಿ, ಅದರ ತಪ್ಪಲಲ್ಲಿ ಲಕ್ಷ್ಮಣತೀರ್ಥ ಧುಮುಕುವ ಇರ್ಪು. ಪೂರ್ವಕ್ಕೆ ನಾಗರಹೊಳೆ. ಹೀಗೆ ಮೂರು ದಿಕ್ಕಿಗೆ ಕಾಡು ಸುತ್ತುವರಿದು, ನಡುವೆ ಕಾಫಿ ತೋಟ, ಗದ್ದೆ, ಒಂದು ಪೇಟೆ, ಒಂದಿಷ್ಟು ಮನೆಗಳು. ನಾವು ಹುಣಸೂರಿನಿಂದ ವೀರನಹೊಸಹಳ್ಳಿಯ ಮೇಲೆ ಕಾಡಿನೊಳಗಿನ ದಾರಿಯನ್ನೇ ಹಿಡಿದೆವು. ಈ ದಾರಿ ಸಂಜೆ ಆರರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತದೆ. ಹಗಲಿನಲ್ಲಿಯೂ ನಡುವೆ ಎಲ್ಲಿಯೂ ವಾಹನ ನಿಲ್ಲಿಸುವಂತಿಲ್ಲ. ಬುತ್ತಿ ಬಿಚ್ಚುವುದು ಅಲ್ಲಿ ಸಾಧ್ಯವಿಲ್ಲವೆಂದು ತಿಳಿಯದೆ ನಾನು ರೊಟ್ಟಿ, ಚಟ್ನಿಪುಡಿ, ಮೊಸರನ್ನದ ಡಬ್ಬಿಗಳನ್ನು ಹೊತ್ತು ತಂದಿದ್ದೆ. ಅವು ಕುಟ್ಟದವರೆಗೂ ನನ್ನ ತೊಡೆಯ ಮೇಲೆಯೇ ಪ್ರಯಾಣ ಮಾಡಿದವು.

ಸಂಜೆ ರೈಟರ ಮನೆ ಸೇರಿ ಕೈಕಾಲು ತೊಳೆದು ಕುಳಿತ ಕೂಡಲೇ ಅವರು ಹೇಳಿದ ಮೊದಲ ಮಾತು, “ಅಕ್ಕಾ, ಕತ್ತಲಾದ ಮೇಲೆ ಮಗುವನ್ನು ಅಂಗಳಕ್ಕೆ ಬಿಡಬೇಡಿ” ಎಂಬುದು. ಆನೆಯ ಭಯವಿರಬೇಕೆಂದು ನಾನು ಭಾವಿಸಿದೆ. ಹೆಚ್ಚು ಕೇಳಲಿಲ್ಲ.

ಕುಟ್ಟದ ಕಡೆಯಿಂದ ನಾಗರಹೊಳೆಯ ಸಫಾರಿ ಹೊರಡುವುದು ನಾಣಚ್ಚಿ ಗೇಟಿನಿಂದ. ಸಫಾರಿ ಎಂಬುದು ಆಫ್ರಿಕದ ಸ್ವಾಹಿಲಿ ಭಾಷೆಯ ಮಾತು; ಪ್ರಯಾಣವೆಂದಷ್ಟೇ ಅದರ ಅರ್ಥ, ಮೂಲ ಅರಬ್ಬಿ. ನಮ್ಮ ಕಡೆ ಹಳಬರು ‘ಸಫರ್’ ಎನ್ನುವುದೂ ಅದರ ಬಂಧುವೇ. ಬೆಳಗಿನ ಜಾವದ ಚಳಿಯಲ್ಲಿ ಶಾಲು ಹೊದ್ದು ಅರಣ್ಯ ಇಲಾಖೆಯ ಬಸ್ಸನ್ನೇರಿದೆವು. ಬೆನ್ನುನೋವಿರುವ ಹಿರಿಯರು ಹಿಂದಿನ ಆಸನ ಬೇಡವೆನ್ನುವುದು ಒಳಿತು. ನನಗೆ ಯಾರೂ ಹೇಳಿರಲಿಲ್ಲ. ಕಣ್ಣಿಗೆ ಹೊಡೆಯುವ ಬಣ್ಣದ ಸೀರೆ, ಅತ್ತರು, ಜೋರು ಮಾತು ಯಾವುದೂ ಸಲ್ಲದು. ಇಳಿಯುವುದಂತೂ ಇಲ್ಲವೇ ಇಲ್ಲ. ಕಾಡೆಲ್ಲ ಸುತ್ತಬಹುದೆಂದು ತಿಳಿಯಬೇಡಿ. ಪ್ರವಾಸಿಗಳಿಗೆ ತೆರೆದಿರುವುದು ಅದರ ಒಂದು ಪಾಲು ಮಾತ್ರ. 2012ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹುಲಿ ಮೀಸಲುಗಳ ಒಳಭಾಗದಲ್ಲಿ ಪ್ರವಾಸವನ್ನೇ ತಡೆದು, ಅಕ್ಟೋಬರಿನಲ್ಲಿ ಹೊಸ ಕಟ್ಟುಪಾಡುಗಳೊಡನೆ ಮತ್ತೆ ಅನುಮತಿ ನೀಡಿತು.

ಫೆಬ್ರವರಿಯ ಕಾಡು ಎಲೆಯುದುರಿಸಿ ನಿಂತಿತ್ತು. ಮತ್ತಿ, ನಂದಿ, ತೇಗದ ಮರಗಳ ನಡುವೆ ಬೆಳಕು ನೆಲದವರೆಗೂ ಇಳಿಯುತ್ತಿತ್ತು. ತೇಗದ ಸಾಲುಗಳು ಅರಣ್ಯ ಇಲಾಖೆಯೇ ಹಿಂದೆ ಮರಮುಟ್ಟಿಗಾಗಿ ನೆಟ್ಟವು; ಸಾಲು ತಪ್ಪದೆ ನಿಂತಿರುವುದನ್ನು ಕಂಡರೆ ಮನುಷ್ಯನ ಕೈ ಗೊತ್ತಾಗುತ್ತದೆ. ಮರಗಳ ನಡುವೆ ಅಲ್ಲಲ್ಲಿ ತಗ್ಗಿನಲ್ಲಿ ಬಯಲು. ಇಲ್ಲಿಯವರು ಅದನ್ನು ಹಡ್ಲು ಎನ್ನುತ್ತಾರೆ. ಸುತ್ತಲಿನ ನೆಲವೆಲ್ಲ ಒಣಗಿದಾಗಲೂ ಹಡ್ಲಿನ ಅಡಿಯಲ್ಲಿ ತೇವವಿರುತ್ತದೆ, ಮೇಲೆ ಹಸಿರು ಹುಲ್ಲಿರುತ್ತದೆ. ನಾಗರಹೊಳೆಯಲ್ಲಿ ಪ್ರಾಣಿಗಳು ಇಷ್ಟೊಂದಿರುವುದಕ್ಕೆ ಈ ಹಡ್ಲುಗಳೂ ಒಂದು ಕಾರಣ. ಮೊದಲನೆಯ ಹಡ್ಲಿನಲ್ಲಿಯೇ ಚುಕ್ಕಿ ಜಿಂಕೆಗಳ ಹಿಂಡು. ಎಣಿಸಲು ಹೊರಟ ಮೊಮ್ಮಗಳು ಅರವತ್ತಕ್ಕೆ ಸೋತಳು. ಮುಂದೆ ಕಾಟಿಗಳು. ಕಾಡುಕೋಣವೆಂದು ಪುಸ್ತಕದಲ್ಲಿ ಓದಿದ್ದ ಪ್ರಾಣಿ ಇದೇ. ಮೈಯೆಲ್ಲ ಎಣ್ಣೆ ಹಚ್ಚಿದ ಕಪ್ಪು, ಮೊಣಕಾಲಿನ ಕೆಳಗೆ ಮಾತ್ರ ಬಿಳಿಯ ಕಾಲುಚೀಲ ತೊಟ್ಟಂತೆ. ಒಂದು ಹೆಣ್ಣಾನೆ, ಅದರ ಹೊಟ್ಟೆಯ ಅಡಿಯಲ್ಲಿ ಮರಿ. ತಾಯಿ ಹುಲ್ಲನ್ನು ಕಿತ್ತು, ಮಣ್ಣು ಹೋಗಲೆಂದು ಕಾಲಿಗೆ ಬಡಿದು ಬಾಯಿಗಿಡುತ್ತಿತ್ತು. ಸೊಪ್ಪನ್ನು ಕೊಡವಿ ಬಿಡಿಸುವ ನಮ್ಮ ಅಡುಗೆಮನೆಯ ಕೆಲಸವೇ ನೆನಪಾಯಿತು.

ಬಸ್ಸಿನಲ್ಲಿ ಬಹುಪಾಲು ಜನ ಇದಾವುದನ್ನೂ ನೋಡುತ್ತಿರಲಿಲ್ಲ. “ಜಿಂಕೆ ಬಿಡ್ರೀ, ಹುಲಿ ಎಲ್ಲಿ?” ಎಂದು ಒಬ್ಬರು ಚಾಲಕನನ್ನು ಕೇಳಿದರು. ಜಿಂಕೆಯಿಲ್ಲದೆ ಹುಲಿಯೆಲ್ಲಿಂದ ಬರಬೇಕು? ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬೇಟೆ ಬೇಕು. ಹಿಂಡು ಕರಗದೆ ಅಷ್ಟು ದೊರಕಬೇಕಾದರೆ ಅದರ ಪಾಲಿಗೆ ಸುಮಾರು 500 ಪ್ರಾಣಿಗಳಾದರೂ ಮೇಯುತ್ತಿರಬೇಕು. ಬಡ್ಡಿಯಲ್ಲಿ ಮಾತ್ರ ಬದುಕಿ ಅಸಲನ್ನು ಮುಟ್ಟದ ಸಂಸಾರದ ಲೆಕ್ಕ ಇದು. ಹುಲಿಗಳ ಈ ಲೆಕ್ಕಾಚಾರವನ್ನು ಇದೇ ನಾಗರಹೊಳೆಯಲ್ಲಿ 1980ರ ದಶಕದಿಂದ ಕುಳಿತು ಅಧ್ಯಯನ ಮಾಡಿದವರು ಡಾ. ಉಲ್ಲಾಸ ಕಾರಂತರು, ಶಿವರಾಮ ಕಾರಂತರ ಮಗ. ಎರಡು ಹುಲಿಗಳ ಪಟ್ಟೆ ಒಂದೇ ರೀತಿ ಇರುವುದಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ದಾರಿಯ ಬದಿಯಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಿ, ಪಟ್ಟೆಗಳನ್ನು ಹೋಲಿಸಿ ಹುಲಿಗಳನ್ನು ಎಣಿಸುವ ವಿಧಾನವನ್ನು ಅವರು ಇಲ್ಲಿ ಬೆಳೆಸಿದರು. ಅದಕ್ಕೂ ಮೊದಲು ಈ ಕಾಡು ಉಳಿಯಲು ಕಾರಣರಾದವರಲ್ಲಿ ಕೊಡಗಿನವರೇ ಆದ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರ ಹೆಸರು ದೊಡ್ಡದು. ಕಳ್ಳಬೇಟೆಯವರ ಎದುರು ಪ್ರಾಣವನ್ನೇ ಪಣಕ್ಕಿಟ್ಟು ದುಡಿದವರು. ನಾವು ಹೋಗಿಬಂದ ಆ ಫೆಬ್ರವರಿಯಲ್ಲಿಯೇ ಅವರು ತೀರಿಕೊಂಡರು.

ಒಂದು ತಿರುವಿನಲ್ಲಿ ಬಸ್ಸು ನಿಂತಿತು. ಒಳಗಿನಿಂದ ಜಿಂಕೆಯ ಕೂಗು, ಚೂಪಾಗಿ, ಬಿಟ್ಟುಬಿಟ್ಟು. ಮರದ ಮೇಲಿನಿಂದ ಮುಸುವ ಕೆಮ್ಮಿದಂತೆ ಉತ್ತರ ಕೊಟ್ಟಿತು. ಹುಲಿ ನಡೆಯುತ್ತಿದೆ ಎಂಬುದಕ್ಕೆ ಕಾಡು ಕೊಡುವ ಸುದ್ದಿ ಇದು. ಅಷ್ಟು ಹೊತ್ತು ಹರಟುತ್ತಿದ್ದ ಬಸ್ಸು ಉಸಿರು ಬಿಗಿಹಿಡಿಯಿತು. ಮೊಮ್ಮಗಳ ಕೈ ನನ್ನ ಕೈಯಲ್ಲಿ ತಣ್ಣಗಾಗಿತ್ತು. ಹತ್ತು ನಿಮಿಷ ಕಳೆಯಿತು. ಕೂಗು ದೂರ ಸರಿಯಿತು, ನಿಂತಿತು. ದಾರಿಯ ಧೂಳಿನಲ್ಲಿ ಹೆಜ್ಜೆಯ ಗುರುತುಗಳಿದ್ದವು. ತಟ್ಟೆಯಷ್ಟು ಅಗಲ ಎಂದು ಮೊಮ್ಮಗಳು ಈಗಲೂ ಹೇಳುತ್ತಾಳೆ. ನಾನು ಕಂಡಂತೆ ಉಪ್ಪಿನಕಾಯಿ ಬಟ್ಟಲಿಗಿಂತ ಸ್ವಲ್ಪ ದೊಡ್ಡದು. ಹುಲಿ ಕಾಣಲಿಲ್ಲ. ಹಣ ದಂಡವಾಯಿತೆಂದು ಹಿಂದಿನಿಂದ ಯಾರೋ ಗೊಣಗಿದರು. ನನಗೂ ಒಳಗೊಳಗೇ ನಿರಾಸೆಯಾಗಿತ್ತೆಂದು ಒಪ್ಪಿಕೊಳ್ಳಬೇಕು.

ತೋಟಕ್ಕೆ ಹಿಂದಿರುಗಿದಾಗ ರೋಬಸ್ಟಾ ಕೊಯ್ಲು ನಡೆದಿತ್ತು. ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದ ಹೆಂಗಸರ ಬಳಿ ಹೋಗಿ ಕುಳಿತೆ. ಹೆಗ್ಗಡದೇವನಕೋಟೆಯ ಕಡೆಯವರು, ಕೊಯ್ಲಿಗೆಂದು ಬಂದು ಲೈನ್ ಮನೆಗಳಲ್ಲಿ ಸಂಸಾರ ಹೂಡಿದ್ದರು. ಬೆಳಿಗ್ಗೆ ಎಲ್ಲಿಗೆ ಹೋಗಿದ್ದಿರೆಂದು ಅವರಲ್ಲಿ ಹಿರಿಯಳು ಕೇಳಿದಳು. ಹುಲಿ ನೋಡಲು ಹೋಗಿದ್ದೆವು, ಕಾಣಲಿಲ್ಲ ಎಂದೆ.

“ಕಾಣ್ನಿಲ್ವಾ ಅವ್ವಾ? ಒಳ್ಳೇದೇ ಆಯ್ತು ಬುಡಿ” ಎಂದಳು ಆಕೆ, ಕೈ ನಿಲ್ಲಿಸದೆ.

ಹಿಂದಿನ ರಾತ್ರಿ ರೈಟರು ಮಗುವಿನ ಎದುರಿಗೆ ಹೇಳದೆ ಬಿಟ್ಟದ್ದನ್ನು ಆಕೆ ಹೇಳಿದಳು. ಸರಿಯಾಗಿ ಒಂದು ವರ್ಷದ ಹಿಂದೆ, 2023ರ ಫೆಬ್ರವರಿಯಲ್ಲಿ, ಕುಟ್ಟದ ಸಮೀಪದ ಕೆ. ಬಾಡಗ ಗ್ರಾಮದ ತೋಟವೊಂದರಲ್ಲಿ ಹುಣಸೂರು ತಾಲೂಕಿನಿಂದ ಕೆಲಸಕ್ಕೆ ಬಂದಿದ್ದ ಕುಟುಂಬದ ಹುಡುಗನೊಬ್ಬನನ್ನು ಹುಲಿ ಕೊಂದಿತು. ಒಂದು ದಿನ ಕಳೆಯುವುದರೊಳಗೆ ಅದೇ ಕುಟುಂಬದ ಹಿರಿಯರೊಬ್ಬರು ಅದೇ ರೀತಿ ಬಲಿಯಾದರು. ಊರಿನವರು ರಸ್ತೆಗಿಳಿದರು. ಅರಣ್ಯ ಇಲಾಖೆಯವರು ಸಾಕಾನೆಗಳನ್ನು ತಂದು ಹುಡುಕಿ, ಅರಿವಳಿಕೆ ಮದ್ದು ಹೊಡೆದು ಆ ಹುಲಿಯನ್ನು ಸೆರೆಹಿಡಿದರು. ಪತ್ರಿಕೆಯಲ್ಲಿ ನಾನೂ ಓದಿದ್ದೆನೇನೋ. ಓದಿ ಪುಟ ತಿರುಗಿಸಿದ್ದೆ. ಕಣದಲ್ಲಿ ಕುಳಿತವರಿಗೆ ಅದು ಪುಟ ತಿರುಗಿಸುವ ಸುದ್ದಿಯಲ್ಲ. ಹೊತ್ತು ಮೂಡುವ ಮೊದಲೇ ಅವರು ಎದ್ದು ನೀರಿಗೆ, ಬಯಲಿಗೆ ಹೋಗಬೇಕು. ಎದೆಮಟ್ಟದ ಕಾಫಿ ಗಿಡಗಳ ನಡುವೆ ಬಗ್ಗಿ ಕೊಯ್ಯಬೇಕು. ಆಚೆ ಸಾಲಿನಲ್ಲಿ ಏನಿದೆಯೆಂದು ಕಾಣುವುದಿಲ್ಲ.

ಕಾಫಿ ತೋಟ ಹುಲಿಗೂ ಹಿತವಾದ ಸ್ಥಳವೇ. ನೆರಳಿದೆ, ನೀರಿದೆ, ಹಂದಿಯಿದೆ, ಕೊಟ್ಟಿಗೆಯಲ್ಲಿ ದನವಿದೆ. ಮುದಿಯಾಗಿಯೋ ಗಾಯಗೊಂಡೋ ಬೇಟೆಯಾಡಲಾಗದ ಹುಲಿ, ತಾಯನ್ನು ಬಿಟ್ಟು ಸ್ವಂತ ನೆಲೆ ಹುಡುಕುವ ಎಳೆಯ ಹುಲಿ ಕಾಡಿನಿಂದ ಹೊರಬರುತ್ತವೆ. ಒಳಗಿನ ಜಾಗವನ್ನು ಬಲವಾದವು ಆಗಲೇ ಹಂಚಿಕೊಂಡಿರುತ್ತವೆ. ನಾಗರಹೊಳೆ 1999ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಬಂತು. 2006ರ ಗಣತಿಯಲ್ಲಿ ದೇಶದಲ್ಲಿ 1411 ಹುಲಿಗಳಿದ್ದವೆಂದು ಅಂದಾಜಾಗಿತ್ತು; 2022ರಲ್ಲಿ 3682. ಕರ್ನಾಟಕದ ಪಾಲು 563, ನಾಗರಹೊಳೆಯೊಂದರಲ್ಲಿಯೇ 141. ಈ ಅಂಕಿಗಳನ್ನು ಕೇಳಿ ನಾವು ಮೈಸೂರಿನಲ್ಲಿ ಸಂತೋಷಪಡುತ್ತೇವೆ. ಪಡಬಾರದೆಂದಲ್ಲ. ಆದರೆ ಆ ಸಂತೋಷದ ಬೆಲೆಯನ್ನು ತೆರುವವರು ಲೈನ್ ಮನೆಯವರು. ನಾವು ತೆತ್ತದ್ದು ಟಿಕೆಟ್ಟಿನ ಹಣ ಮಾತ್ರ, ಅದಕ್ಕೂ ಗೊಣಗಿದ್ದೆವು.

ಹಿಂದೆ ಲೆಕ್ಕ ಬೇರೆಯಾಗಿತ್ತು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಹುಲಿಯನ್ನು ಕೊಂದವನನ್ನು ಸತ್ತ ಹುಲಿಯೊಡನೆ ಕುಳ್ಳಿರಿಸಿ, ಮದುವೆಯ ರೀತಿಯಲ್ಲಿ ಸಂಸ್ಕಾರ ನಡೆಸಿ ಗೌರವಿಸುತ್ತಿದ್ದರು. ಅದಕ್ಕೆ ನರಿಮಂಗಲವೆಂದು ಹೆಸರು. 1834ರವರೆಗೆ ಕೊಡಗನ್ನಾಳಿದ ಹಾಲೇರಿ ಅರಸರು ಲಿಂಗವಂತರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರ ಕಾಲದಲ್ಲಿಯೂ ಬೇಟೆ ಅರಸುತನದ ಒಂದು ಅಂಗವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ಆಗಬೇಕಾದದ್ದೇ. ಹುಲಿಯನ್ನು ಕೊಂದವನಿಗೆ ಮಂಗಲ ಮಾಡುತ್ತಿದ್ದ ನಾಡು ಹುಲಿಯಿಂದ ಸತ್ತವನ ಮನೆಗೆ ಈಗ ಪರಿಹಾರದ ಚೆಕ್ಕು ಕೊಡುತ್ತದೆ.

ಕಾಡಿನೊಳಗೇ ಇದ್ದವರ ಕಥೆಯೂ ಇದೆ. ಜೇನುಕುರುಬರು, ಬೆಟ್ಟಕುರುಬರು, ಯರವರು ತಲೆತಲಾಂತರದಿಂದ ಹಾಡಿಗಳಲ್ಲಿ ಬದುಕಿದವರು. ಹುಲಿಗೆ ಜಾಗವಾಗಲೆಂದು ಎಷ್ಟೋ ಕುಟುಂಬಗಳನ್ನು ಕಾಡಿನ ಹೊರಗೆ ನೆಲೆಗೊಳಿಸಿದರು. ಅದೇ ಕಾಡಿನೊಳಗೆ ಹೆಸರಾಂತ ಹೋಟೆಲು ಸಂಸ್ಥೆಯೊಂದು ವಸತಿಗೃಹ ತೆರೆಯಲು ಹೊರಟಾಗ ಹಾಡಿಯವರು ಎದುರು ನಿಂತರು. 1997ರಲ್ಲಿ ರಾಜ್ಯದ ಹೈಕೋರ್ಟು ಅದನ್ನು ತಡೆಯಿತು. 2025ರ ಮೇ ತಿಂಗಳಲ್ಲಿ ಸುಮಾರು 50 ಜೇನುಕುರುಬ ಕುಟುಂಬಗಳು 2006ರ ಅರಣ್ಯ ಹಕ್ಕು ಕಾಯಿದೆಯನ್ನು ಮುಂದಿಟ್ಟುಕೊಂಡು ತಮ್ಮ ಹಳೆಯ ನೆಲೆಯಾದ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಗುಡಿಸಲು ಹಾಕಿದವು. ಯಾರದು ನ್ಯಾಯ ಎಂದು ಅಡುಗೆಮನೆಯಲ್ಲಿ ಕುಳಿತು ತೀರ್ಪು ಕೊಡುವಷ್ಟು ತಿಳಿವಳಿಕೆ ನನಗಿಲ್ಲ. ಆದರೆ ಬಸ್ಸಿನಲ್ಲಿ ಸುತ್ತಿಬರಲು ನಮಗೆ ತೆರೆಯುವ ಬಾಗಿಲು, ಅಲ್ಲಿಯೇ ಹುಟ್ಟಿದವರಿಗೆ ಮುಚ್ಚಿರುವುದು ಮನಸ್ಸಿಗೆ ಹಿಡಿಸುವುದಿಲ್ಲ.

2025ರ ನವೆಂಬರಿನಲ್ಲಿ ಆ ಬಾಗಿಲು ನಮ್ಮಂಥವರಿಗೂ ಮುಚ್ಚಿತು. ಸರಗೂರು ತಾಲೂಕಿನಲ್ಲಿ ಹುಲಿಯ ದಾಳಿಗೆ ರೈತರು ಬಲಿಯಾದಾಗ ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಿ, ಅಲ್ಲಿಯ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಚ್ಚಿತು. ಹೊರಡುವ ಓದುಗರು ಮೊದಲು ವಿಚಾರಿಸಿಕೊಂಡೇ ಹೊರಡಬೇಕು.

ಆ ಭಾನುವಾರದ ಸಂಜೆಗೆ ಮರಳುತ್ತೇನೆ. ಐದು ಗಂಟೆಗೆ ಕೆಲಸ ಬಿಟ್ಟ ಹೆಂಗಸರು ಲೈನ್ ಮನೆಗಳಿಗೆ ಹೊರಟರು. ಒಬ್ಬೊಬ್ಬರಾಗಿ ಹೋಗುವುದಿಲ್ಲ, ಎಲ್ಲರೂ ಕೂಡಿದ ಮೇಲೆಯೇ ಹೊರಡುತ್ತಾರೆ. ಮುಂದಿನವಳ ಕೈಯಲ್ಲಿ ಒಂದು ಹಳೆಯ ತಟ್ಟೆ, ಒಂದು ಕೋಲು. ತೋಟದ ದಾರಿಯುದ್ದಕ್ಕೂ ಬಡಿಯುತ್ತ, ಜೋರಾಗಿ ಮಾತನಾಡುತ್ತ ನಡೆದರು. ಏಕೆ ಬಡಿಯುತ್ತಾರೆಂದು ಮೊಮ್ಮಗಳು ಕೇಳಿದಳು. ಹುಲಿ ಇದ್ದರೆ ದೂರ ಹೋಗಲಿ ಎಂದು, ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅನಂತರ ಒಳಗೆ ಓಡಿ, ನನ್ನ ಮೊಸರನ್ನದ ಡಬ್ಬಿಯ ಮುಚ್ಚಳವನ್ನೂ ಒಂದು ಚಮಚವನ್ನೂ ತಂದು, ರೈಟರ ಕೈ ಹಿಡಿದು, ಲೈನ್ ಮನೆಗಳ ತಿರುವಿನವರೆಗೂ ಅವರ ಹಿಂದೆ ಬಡಿಯುತ್ತ ಹೋದಳು.