ಗೃಹಕೃತ್ಯ: ಸೀಸೆಯ ಚೀಟಿಯನ್ನು ಹರಿಯದಂತೆ ಬಿಡಿಸುವ ಬಗೆ

ದ್ರಾಕ್ಷಾರಸದ ಸೀಸೆಯು ನಮ್ಮ ವಾಚಕರ ಮನೆಗಳಲ್ಲಿ ಎಷ್ಟರಮಟ್ಟಿಗೆ ಬಳಕೆಯಲ್ಲಿದೆಯೆಂಬುದನ್ನು ವಿಚಾರಿಸಲು ನಾವು ಹೊರಟಿಲ್ಲ. ಕೆಲವರ ಮನೆಗೆ ಅದು ಪರದೇಶದಿಂದ ಬಂದ ಮಗನ ಸಾಮಾನಿನೊಡನೆ ಬರುತ್ತದೆ. ಕೆಲವರ ಮನೆಯನ್ನು ಬರಿದಾದ ಮೇಲೆಯೇ ಪ್ರವೇಶಿಸಿ, ಮನಿಪ್ಲಾಂಟಿನ ಬಳ್ಳಿಯನ್ನು ಹೊತ್ತು ಕಿಟಕಿಯಲ್ಲಿ ನಿಲ್ಲುತ್ತದೆ. ಉಳಿದವರಿಗೆ ದ್ರಾಕ್ಷಿಯನ್ನು ಹುಳಿಯಿಸಿ ಮಾಡಿದ ದ್ರಾಕ್ಷಾರಿಷ್ಟವೇ ಆ ಕುಲಕ್ಕೆ ಸೇರಿದ ಏಕೈಕ ಪದಾರ್ಥ. ತಾನಾಗಿ ಹುಟ್ಟಿದ ಮದ್ಯಸಾರವು ಶೇಕಡ ಇಷ್ಟು ಎಂದು ಅದರ ಚೀಟಿಯ ಮೇಲೆ ಅಚ್ಚಾಗಿರುವುದನ್ನು ಓದಿ ಮಡಿವಂತರಾದ ಹಿರಿಯರು ಔಷಧವನ್ನು ತ್ಯಜಿಸಿದ ಉದಾಹರಣೆ ನಮಗೆ ತಿಳಿದಿಲ್ಲ. ಅದು ಹೇಗಾದರೂ ಇರಲಿ. ಸೀಸೆಯೊಳಗಣ ವಸ್ತುವನ್ನಲ್ಲ, ಹೊರಗಣ ಚೀಟಿಯನ್ನು ಕುರಿತು ಈ ತಿಂಗಳು ಬರೆಯಬೇಕೆಂದಿದ್ದೇವೆ.

ಇಷ್ಟು ಸಣ್ಣ ಕಾಗದಕ್ಕೆ ಇಷ್ಟು ಉಪಚಾರವೇಕೆಂದು ಕೇಳುವವರುಂಟು. ಮೈಸೂರಿನ ಹಳೆಯ ಅಗ್ರಹಾರಗಳಲ್ಲಿಯೂ ಲಕ್ಷ್ಮೀಪುರಂ, ಚಾಮುಂಡಿಪುರಂ ಮೊದಲಾದ ಬಡಾವಣೆಗಳಲ್ಲಿಯೂ ಹಂಚಿನ ಮನೆಗಳು ಒಂದೊಂದಾಗಿ ಬಿದ್ದು ಮಹಡಿ ಕಟ್ಟಡಗಳು ಏಳುತ್ತಿವೆ. ಆಗ ಅಟ್ಟದಿಂದ ಇಳಿಯುವ ಅತ್ತರಿನ, ಕಷಾಯದ, ಶರಬತ್ತಿನ ಸೀಸೆಗಳು ನೇರವಾಗಿ ಗುಜರಿಯವನ ಗೋಣಿಯನ್ನು ಸೇರುತ್ತವೆ. ಅವನ್ನು ತಯಾರಿಸಿದ ಅಂಗಡಿಗಳಲ್ಲಿ ಎಷ್ಟೋ ಮುಚ್ಚಿಹೋಗಿವೆ. ಮೈಸೂರಿನ ಗಂಧದೆಣ್ಣೆ ಕಾರ್ಖಾನೆ ಆರಂಭವಾದದ್ದು ೧೯೧೭ರಲ್ಲಿ. ನಂಜನಗೂಡಿನ ಸದ್ವೈದ್ಯಶಾಲೆ ೧೯೧೩ರಲ್ಲಿ. ಇಂತಹ ಹೆಸರಾಂತ ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಇದ್ದೇ ಇರುತ್ತಾರೆ. ಮಾರುಕಟ್ಟೆಯ ಒಂದು ಮೂಲೆಯಲ್ಲಿ ಕುಳಿತು ಪನ್ನೀರು ಮಾರಿದವನ ಚರಿತ್ರೆಗೆ ಮಾತ್ರ ಆ ಚೀಟಿಯ ಹೊರತು ಬೇರೆ ದಾಖಲೆಯಿಲ್ಲ.

ಚೀಟಿಯನ್ನು ಓದುವುದೂ ಒಂದು ವಿದ್ಯೆಯೇ. ಬೆಲೆಯು ಆಣೆಗಳಲ್ಲಿದ್ದರೆ ಅದು ೧೯೫೭ನೆಯ ಏಪ್ರಿಲ್ ೧ಕ್ಕೆ ಹಿಂದಿನದೆಂದು ಎಣಿಸಬಹುದು. ನಯಾಪೈಸೆಯ ಲೆಕ್ಕ ಆ ದಿನ ಜಾರಿಗೆ ಬಂತು. ಅಳತೆ ಔನ್ಸಿನಲ್ಲಿದ್ದರೆ ಹೆಚ್ಚುಕಡಮೆ ಅದೇ ಕಾಲವನ್ನು ಊಹಿಸಬಹುದು. ವಿಳಾಸದ ಕೊನೆಗೆ ಆರು ಅಂಕಿಗಳ ಪಿನ್ ಸಂಖ್ಯೆಯಿದ್ದರೆ ಅದು ೧೯೭೨ನೆಯ ಆಗಸ್ಟ್ ೧೫ರ ಈಚಿನದು. ಊರಿನ ಹೆಸರಿನ ಮುಂದೆ ಒಂದೆರಡು ಅಂಕಿ ಮಾತ್ರ ಇದ್ದರೆ ಬಹುಶಃ ಅದಕ್ಕಿಂತ ಹಿಂದಿನದು. ‘ಮೈಸೂರು ರಾಜ್ಯ’ ಎಂದಿದ್ದರೆ, ೧೯೭೩ನೆಯ ನವೆಂಬರ್ ೧ರಂದು ನಮ್ಮ ನಾಡಿಗೆ ಕರ್ನಾಟಕವೆಂದು ನಾಮಕರಣವಾಗುವುದಕ್ಕೆ ಮುಂಚೆ ಅಚ್ಚಾಗಿರಬೇಕು. ಹಳೆಯ ಚೀಟಿಗಳ ಕಟ್ಟು ಮುಗಿಯುವವರೆಗೂ ಅವನ್ನೇ ಅಂಟಿಸುವ ಜಾಣತನ ನಮ್ಮ ವರ್ತಕರಲ್ಲಿ ಇರುವುದರಿಂದ ಒಂದೆರಡು ವರ್ಷ ಆಚೀಚೆ ಹಿಡಿಯತಕ್ಕದ್ದು. ಈ ಗುರುತುಗಳೆಲ್ಲವೂ ಸಾಮಾನ್ಯವಾಗಿ ಚೀಟಿಯ ಕೆಳಅಂಚಿನ ಸಣ್ಣ ಅಕ್ಷರಗಳಲ್ಲಿರುತ್ತವೆ. ಉಗುರಿನಿಂದ ಕೆರೆದು ಕೀಳುವವರ ಕೈಯಲ್ಲಿ ಮೊದಲು ಹರಿಯುವುದೂ ಆ ಅಂಚೇ.

ಆದುದರಿಂದ ನೀರನ್ನು ಮುಟ್ಟುವುದಕ್ಕೆ ಮೊದಲು ಅಂಟಿನ ಜಾತಿಯನ್ನು ಅರಿಯಬೇಕು. ಸೀಸೆಯನ್ನು ಬೆಳಕಿಗೆ ಹಿಡಿದು, ಗಾಜಿನ ಮೂಲಕ ಚೀಟಿಯ ಬೆನ್ನನ್ನು ನೋಡಿರಿ. ಬಾಚಣಿಗೆ ಎಳೆದಂತೆ ಗೆರೆಗೆರೆಯಾಗಿಯೋ ಕುಂಚದಿಂದ ಬಳಿದಂತೆ ಮಚ್ಚೆಮಚ್ಚೆಯಾಗಿಯೋ ಕಂಡರೆ ಅದು ಸರಿ, ಗೋಂದು ಮೊದಲಾದ ಹಸಿ ಅಂಟು, ನೀರಿಗೆ ಬಗ್ಗುತ್ತದೆ. ಗೆರೆಯಿಲ್ಲದೆ ಒಂದೇ ಸಮನಾಗಿ ಕಂಡರೆ ಒತ್ತಿದೊಡನೆ ಹತ್ತಿಕೊಳ್ಳುವ ಈಚಿನ ಅಂಟು. ಇದಕ್ಕೆ ನೀರಿನ ಭಯವಿಲ್ಲ, ಬಿಸಿಯ ಭಯವುಂಟು. ಅಟ್ಟದಿಂದ ಇಳಿದ ಸೀಸೆಗಳಲ್ಲಿ ಬಹುತೇಕ ಮೊದಲನೆಯ ಜಾತಿಯವು. ಇಂದಿನ ದ್ರಾಕ್ಷಾರಸದ ಸೀಸೆಗಳಲ್ಲಿ ಅನೇಕವು ಎರಡನೆಯವು. ನಂದಿಬೆಟ್ಟದ ತಪ್ಪಲಿನ ದ್ರಾಕ್ಷಾರಸವಾಗಲಿ ಫ್ರಾನ್ಸಿನದಾಗಲಿ, ಮಂಜುಗಡ್ಡೆಯ ಪಾತ್ರೆಯಲ್ಲಿ ಮುಳುಗಿ ಕುಳಿತರೂ ಚೀಟಿ ಕಳಚದಂತೆ ಕಾಗದವನ್ನೂ ಅಂಟನ್ನೂ ಆರಿಸುವುದುಂಟು. ಅಂತಹುದನ್ನು ರಾತ್ರಿಯೆಲ್ಲ ಬಕೆಟ್ಟಿನಲ್ಲಿ ನೆನೆಸಿ ಬೆಳಿಗ್ಗೆ ಬೇಸರಪಟ್ಟವರು ಅನೇಕರು.

ಹಸಿ ಅಂಟಿನ ಚೀಟಿಗೆ ಮೊದಲು ಬಣ್ಣದ ಪರೀಕ್ಷೆಯಾಗಲಿ. ಮೂಲೆಯಲ್ಲಿ ಒಂದು ತೊಟ್ಟು ನೀರಿಟ್ಟು, ಕ್ಷಣ ಕಳೆದು ಬಿಳಿಯ ಬಟ್ಟೆಯ ತುದಿಯಿಂದ ಒತ್ತಿ ತೆಗೆಯಿರಿ. ಕಲ್ಲಚ್ಚಿನ ಹಳೆಯ ಬಣ್ಣಗಳು ಎಣ್ಣೆಯಲ್ಲಿ ಅರೆದವಾದ್ದರಿಂದ ಸಾಮಾನ್ಯವಾಗಿ ನೀರಿಗೆ ಜಗ್ಗುವುದಿಲ್ಲ. ಮೇಲೆ ಒತ್ತಿದ ರಬ್ಬರ್ ಮುದ್ರೆ, ಕೈಬರಹದ ಬೆಲೆ ಇವು ಮಾತ್ರ ಹರಿದುಹೋಗಬಹುದು. ಅವನ್ನು ಮುಂಚೆಯೇ ಬರೆದಿಟ್ಟುಕೊಂಡು, ಇಡೀ ಸೀಸೆಯ ಛಾಯಾಚಿತ್ರವನ್ನೂ ತೆಗೆದಿಡುವುದು ಲೇಸು. ಈಗ ಅದಕ್ಕೆ ಸ್ಟುಡಿಯೋಗೆ ಹೋಗಬೇಕಾಗಿಲ್ಲವಷ್ಟೆ. ಬಟ್ಟೆಗೆ ಬಣ್ಣ ಹತ್ತಿದರೆ ಆ ಚೀಟಿಯನ್ನು ಸೀಸೆಯ ಮೇಲೆಯೇ ಬಿಟ್ಟು ಸೀಸೆಸಹಿತ ಕಾಪಾಡಬೇಕು.

ಬಣ್ಣ ನಿಂತರೆ, ಸೀಸೆಯೊಳಕ್ಕೆ ನೀರು ತುಂಬಿ ಬಿರಡೆ ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ಣವಾಗಿ ಮುಳುಗಿಸಿಡಿರಿ. ಕೆಲವು ಅರ್ಧ ಗಂಟೆಗೆ ಸಡಿಲವಾಗುತ್ತವೆ, ಕೆಲವಕ್ಕೆ ನಾಲ್ಕಾರು ಗಂಟೆ ಬೇಕು. ಅವಸರವಾಗಿ ವಾಷಿಂಗ್ ಸೋಡಾ ಸುರಿಯುವುದು ನಮಗೆ ಒಪ್ಪಿಗೆಯಿಲ್ಲ. ಸುಣ್ಣ ಸೋಕಿದ ಅರಿಸಿನ ಕೆಂಪಾಗುವುದನ್ನು ನಮ್ಮ ಗೃಹಿಣಿಯರು ದಿನವೂ ಬಲ್ಲರು; ಕ್ಷಾರವು ಕೆಲವು ಅಚ್ಚಿನ ಬಣ್ಣಗಳನ್ನೂ ಹಾಗೆಯೇ ಕೆಡಿಸುತ್ತದೆ. ಅಂಚು ತಾನಾಗಿ ಮೇಲೆದ್ದಾಗ, ನೀರಿನೊಳಗೇ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಅದರಡಿಗೆ ನುಸುಳಿಸಿ, ದೋಸೆಯ ಕೆಳಗೆ ಸಟ್ಟುಗ ಹೋಗುವಂತೆ ಮೆಲ್ಲಗೆ ಸಾಗಿಸಿರಿ. ಹಸಿಯ ಕಾಗದಕ್ಕೆ ಬಲವೆಂಬುದಿಲ್ಲ. ಮೂಲೆಯನ್ನು ಹಿಡಿದೆತ್ತದೆ, ಹಾಳೆಯ ಮೇಲೆ ತೇಲಿಸಿಕೊಂಡೇ ಹೊರಗೆ ತರಬೇಕು.

ಹೊರಗೆ ಬಂದ ಚೀಟಿಯ ಬೆನ್ನಿನ ಸರಿಯನ್ನು ಮೃದುವಾದ ಕುಂಚದಿಂದ ಚೊಕ್ಕಟವಾಗಿ ತೊಳೆಯದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಹಿಟ್ಟಿನ ಅಂಶವಿರುವ ಕಾಗದವೆಂದರೆ ಜಿರಲೆಗೂ, ಪುಸ್ತಕಗಳಲ್ಲಿ ಓಡಾಡುವ ಬೆಳ್ಳಿಬಣ್ಣದ ಹುಳುವಿಗೂ ಔತಣ. ಅನಂತರ ಮುಖದ ಕಡೆ ಬಟರ್ ಪೇಪರನ್ನೂ ಬೆನ್ನಿನ ಕಡೆ ಬ್ಲಾಟಿಂಗ್ ಕಾಗದವನ್ನೂ ಇಟ್ಟು, ಮೇಲೆ ನಿಘಂಟಿನಂತಹ ತೂಕದ ಪುಸ್ತಕವನ್ನು ಹೇರಿ, ಒದ್ದೆಯಾದ ಬ್ಲಾಟಿಂಗನ್ನು ಬದಲಿಸುತ್ತ ಎರಡು ದಿನ ಬಿಡಿರಿ. ಬಿಸಿಲಿಗೆ ಹಾಕಿದರೆ ಹಪ್ಪಳದಂತೆ ಸುರುಳಿಯಾಗುತ್ತದೆ.

ಎರಡನೆಯ ಜಾತಿಯ ಚೀಟಿಗೆ ಸೀಸೆಯೊಳಗಿನಿಂದ ಬಿಸಿ ಕೊಡಬೇಕು. ಮೊದಲು ಬೆಚ್ಚಗಿನ ನೀರು ಹಾಕಿ ಗಾಜನ್ನು ಪಳಗಿಸಿ, ಅದನ್ನು ಚೆಲ್ಲಿ, ಆಮೇಲೆ ಚೆನ್ನಾಗಿ ಕಾದ ನೀರನ್ನು ತುಂಬತಕ್ಕದ್ದು. ತಣ್ಣಗಿರುವ ಸೀಸೆಗೆ ಕುದಿಯುವ ನೀರನ್ನು ಒಮ್ಮೆಗೇ ಹೊಯ್ದರೆ ಗಾಜು ಒಡೆದು ಕೈ ಸುಡುವುದು; ಮಕ್ಕಳನ್ನು ದೂರವಿಡಿರಿ. ಐದಾರು ನಿಮಿಷದಲ್ಲಿ ಅಂಟು ಮೆದುವಾಗುತ್ತದೆ. ಒಂದು ಮೂಲೆಯನ್ನು ತೆಳುವಾದ ಅಲಗಿನಿಂದ ಎಬ್ಬಿಸಿ, ಮೇಲಕ್ಕೆತ್ತದೆ ಗಾಜಿನ ಮೈಗೆ ಸಮೀಪವಾಗಿಯೇ ಹಿಂದಕ್ಕೆ ನಿಧಾನವಾಗಿ ಎಳೆಯುತ್ತ ಹೋಗಬೇಕು. ತಡೆದ ಕಡೆ ಬಲಪ್ರಯೋಗ ಮಾಡದೆ ಮತ್ತೆ ಬಿಸಿನೀರು ತುಂಬಿರಿ. ಬಿಡಿಸಿದ ಚೀಟಿಯ ಬೆನ್ನಿನ್ನೂ ಅಂಟುತ್ತಿರುವುದರಿಂದ ಆಗಲೇ ದಪ್ಪನೆಯ ಬಿಳಿಯ ಕಾಗದದ ಮೇಲೆ ಸುಕ್ಕಿಲ್ಲದಂತೆ ಕೂರಿಸಿಬಿಡಬೇಕು.

ತೆಂಗಿನೆಣ್ಣೆ ಸವರಿದರೆ ಅಂಟು ಬಿಡುತ್ತದೆಂಬ ಸಲಹೆ ಎಲ್ಲೆಡೆಯೂ ಕೇಳಿಬರುತ್ತದೆ. ಗಾಜಿನ ಮೇಲೆ ಉಳಿದ ಜಿಗುಟಿಗೆ ಅದು ಸರಿಯೇ. ಕಾಗದಕ್ಕೆ ಮಾತ್ರ ಕೂಡದು. ೧೮೯೧ರಲ್ಲಿ ಸ್ಥಾಪಿತವಾದ ನಮ್ಮ ಊರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದಲ್ಲಿರುವಂತಹ ತಾಳೆಗರಿಯ ಗ್ರಂಥಗಳಿಗೆ ಸಿಟ್ರೊನೆಲ್ಲಾ ಎಣ್ಣೆ ಸವರಿ ಮೃದುವಾಗಿಡುವ ಪದ್ಧತಿಯುಂಟು. ಗರಿಗೆ ಹಿತವಾದುದು ಕಾಗದಕ್ಕೆ ಹಿತವಲ್ಲ; ಎಣ್ಣೆ ಕುಡಿದ ಕಾಗದದ ಕಲೆ ಮನೆಮದ್ದಿಗೆ ಹೋಗದು. ಸೆಲ್ಲೋಟೇಪನ್ನೂ ಲ್ಯಾಮಿನೇಷನ್ನನ್ನೂ ನಾವು ಇದೇ ಪಂಕ್ತಿಯಲ್ಲಿ ಕೂರಿಸುತ್ತೇವೆ. ಒಂದು ಹಳದಿಗಟ್ಟುತ್ತದೆ, ಇನ್ನೊಂದನ್ನು ಮತ್ತೆ ಬಿಡಿಸುವಂತಿಲ್ಲ.

ಚೀಟಿಯೊಡನೆ ಸೀಸೆಯನ್ನು ಗುಜರಿಗೆ ಹಾಕುವುದರಲ್ಲಿ ಮತ್ತೊಂದು ಕೇಡುಂಟು. ಹೆಸರಾದ ಸರಕಿನ ಖಾಲಿ ಸೀಸೆ ನಕಲಿ ಮಾಡುವವರಿಗೆ ಅರ್ಧ ಬಂಡವಾಳವಿದ್ದಂತೆ. ೨೦೨೪ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸಾಬೂನಿನ ತಯಾರಿಕೆ ಬಯಲಾದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಮೇಲಿನ ಕಾಗದವು ಸಾಚಾ ಎಂಬಂತೆ ತೋರದಿದ್ದರೆ ಅಂತಹ ವ್ಯಾಪಾರವು ನಡೆಯುವುದೆಂತು? ಚೀಟಿಯನ್ನು ಇಟ್ಟುಕೊಳ್ಳುವ ಮನಸ್ಸಿಲ್ಲದವರು ಕೊಡುವ ಮುನ್ನ ಅದನ್ನು ಗೀರಿ ಕೆಡಿಸಲಿ.

ಚೀಟಿ ಕಳೆದುಕೊಂಡ ಸೀಸೆಯನ್ನು ಮನೆಯಲ್ಲಿಯೇ ಬಳಸುವುದಾದರೆ ಆ ದಿನವೇ ಹೊಸ ಹೆಸರು ಬರೆದು ಅಂಟಿಸಿರಿ. ಫಿನಾಯಿಲು, ಸೀಮೆಎಣ್ಣೆ, ಆಸಿಡ್ಡುಗಳನ್ನು ಔಷಧದ ಅಥವಾ ಶರಬತ್ತಿನ ಸೀಸೆಯಲ್ಲಿ ಇಡಲೇಬಾರದು, ಹೆಸರು ಬರೆದಿದ್ದರೂ ಸಹ. ಮಕ್ಕಳಿಗೆ ಓದು ಬಾರದು, ರಾತ್ರಿ ಕೆಮ್ಮು ಬಂದು ಎದ್ದ ಅಜ್ಜನಿಗೆ ಕನ್ನಡಕ ಸಿಕ್ಕದು.

ತೆಗೆದ ಚೀಟಿಯ ಬೆನ್ನಿಗೆ, ಅಥವಾ ಕೂರಿಸಿದ ಕಾಗದದ ಅಂಚಿಗೆ, ಸೀಸದ ಕಡ್ಡಿಯಿಂದ ಸೀಸೆ ಯಾರ ಮನೆಯದು, ಯಾವ ವರ್ಷ ದೊರೆಯಿತು ಎಂಬುದನ್ನು ಬರೆದಿಡಿರಿ. ಶಾಯಿ ಬೇಡ, ಅದು ಮುಂದೆ ಮುಖಕ್ಕೆ ಇಳಿದೀತು. ಕೆಲವು ಸೀಸೆಗಳಲ್ಲಿ ಕಾಗದವೇ ಇರದೆ ಅಕ್ಷರಗಳು ಗಾಜಿನ ಮೇಲೆಯೇ ಸುಟ್ಟು ಅಚ್ಚಾಗಿರುತ್ತವೆ. ಅವುಗಳ ಮೇಲೆ ತೆಳುಕಾಗದವನ್ನು ಸುತ್ತಿ, ಕಾಣುವ ಗೆರೆಗಳನ್ನು ತಿದ್ದಿ ಪ್ರತಿ ಮಾಡಿಕೊಳ್ಳಬಹುದು.