ಮನೆಯ ಲೆಕ್ಕವೂ ಕೂಲಿಯ ಲೆಕ್ಕವೂ

ಮಕ್ಕಳು ದೊಡ್ಡವರಾದ ಮೇಲೂ ತಂದೆತಾಯಿಗಳ ಜೊತೆಯಲ್ಲೇ ಇರುವುದು ನಮ್ಮ ದುಡಿಯುವ ಜನರ ಮನೆಗಳಲ್ಲಿ ಹೊಸದೇನೂ ಅಲ್ಲ. ಒಂದೇ ಸೂರು, ಒಂದೇ ಒಲೆ ಎಂದು ನಮ್ಮ ಹಿರಿಯರು ಹೆಮ್ಮೆಯಿಂದ ಹೇಳುತ್ತ ಬಂದಿದ್ದಾರೆ. ಆದರೆ ಇಂದು ದಾವಣಗೆರೆಯ ಗಿರಣಿ ಕೆಲಸಗಾರರ ಓಣಿಗಳಲ್ಲಿ, ಮಂಡಕ್ಕಿ ಭಟ್ಟಿಗಳ ಸುತ್ತಲಿನ ಮನೆಗಳಲ್ಲಿ, ಪೇಟೆಯ ಸಣ್ಣ ಅಂಗಡಿಗಳ ಹಿಂದಿನ ಕೋಣೆಗಳಲ್ಲಿ ಬೆಳೆದ ಮಕ್ಕಳು ಕೂಡಿ ಇರುವುದಕ್ಕೆ ಪ್ರೀತಿಯೊಂದೇ ಕಾರಣವೆಂದು ಹೇಳಲಾಗದು. ಬೇರೆ ಮನೆ ಮಾಡಬೇಕಾದರೆ ಮುಂಗಡ ಕಟ್ಟಬೇಕು, ತಿಂಗಳು ತಿಂಗಳು ಬಾಡಿಗೆ ಕೊಡಬೇಕು, ಎರಡನೆಯ ಒಲೆಗೆ ಪಾತ್ರೆಯಿಂದ ಹಿಡಿದು ಗ್ಯಾಸ್ ಸಿಲಿಂಡರಿನವರೆಗೆ ಎಲ್ಲವನ್ನೂ ಹೊಸದಾಗಿ ತರಬೇಕು. ಇಪ್ಪತ್ತೈದು ವರ್ಷದ ಹುಡುಗನ ಸಂಬಳದಲ್ಲಿ ಇದು ಆಗದ ಮಾತು. ಆದ್ದರಿಂದ ಅವನು ಮನೆಯಲ್ಲೇ ಉಳಿಯುತ್ತಾನೆ. ಉಳಿದ ಮೇಲೆ ಮಾತು ಹುಟ್ಟುತ್ತದೆ: ಯಾರು ಎಷ್ಟು ತಂದರು? ಯಾರು ಎಷ್ಟು ಉಂಡರು?

ಈ ಮಾತನ್ನು ಅತ್ತೆಸೊಸೆಯರ ಜಗಳವೆಂದು ನಕ್ಕು ಬಿಡುವವರಿದ್ದಾರೆ. ಈಗಿನ ಹುಡುಗರ ಸೋಮಾರಿತನವೆಂದು ಬೈಯುವವರೂ ಇದ್ದಾರೆ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯನ್ನು ನಿರುದ್ಯೋಗಿ ಮಗನ ಮುಖಕ್ಕೆ ಎಸೆಯುವುದು ಬಹಳ ಸುಲಭ. ಕುಡಿಕೆಯಲ್ಲಿ ಹೊನ್ನು ಏಕೆ ಇಲ್ಲ ಎಂದು ಕೇಳುವುದು ಅಷ್ಟು ಸುಲಭವಲ್ಲ. ಕೇಳಬೇಕಾದರೆ ಮೊದಲು ಕೂಲಿಯ ಲೆಕ್ಕವನ್ನೇ ಬಿಡಿಸಬೇಕು.

ಮೂರು ಪಾಲಿನ ಕೂಲಿ

1957ರಲ್ಲಿ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಸೇರಿದಾಗ ಕನಿಷ್ಠ ಕೂಲಿಗೆ ಒಂದು ಅಳತೆಯನ್ನು ಗೊತ್ತುಮಾಡಲಾಯಿತು. ಒಬ್ಬ ಕೆಲಸಗಾರನ ಕೂಲಿ ಮೂರು ಪಾಲು ಜನರ ಹೊಟ್ಟೆಗೆ ಸಾಕಾಗಬೇಕು. ಗಂಡಿಗೆ ಒಂದು ಪಾಲು, ಹೆಂಡತಿಗೆ 0.8, ಇಬ್ಬರು ಮಕ್ಕಳಿಗೆ ತಲಾ 0.6. ಪಾಲೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ ದೀಪ ಮುಂತಾದವಕ್ಕೆ ಒಟ್ಟು ಕೂಲಿಯ ಶೇಕಡಾ 20. ಮಕ್ಕಳ ವಿದ್ಯೆ, ಔಷಧ, ಹಬ್ಬ, ಮುಪ್ಪು, ಮದುವೆ ಇವುಗಳಿಗಾಗಿ ಇನ್ನೂ ಶೇಕಡಾ 25 ಸೇರಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿತು.

ಆ ಕಾಲಕ್ಕೆ ಇದು ದುಡಿಯುವವರಿಗೆ ದೊಡ್ಡ ಗೆಲುವೇ. ಹೆಂಗಸಿನ ಹೊಟ್ಟೆ ಗಂಡಸಿನದಕ್ಕಿಂತ ಚಿಕ್ಕದೆಂದು ಬರೆದವರು ಅವಳ ದುಡಿಮೆಯನ್ನು ತೂಗಿ ನೋಡಲಿಲ್ಲ, ಆ ಮಾತು ಬೇರೆ. ಆದರೆ ಈ ಲೆಕ್ಕದಲ್ಲಿ ಕೆಲಸಗಾರನ ತಂದೆ ಎಲ್ಲಿ? ತಾಯಿ ಎಲ್ಲಿ? ಓದು ಮುಗಿಸಿ ಕೆಲಸ ಸಿಗದೆ ಕುಳಿತ ತಮ್ಮ ಎಲ್ಲಿ?

ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೈಲಾಗದ ತಂದೆ ಒಂದು, ತಾಯಿ 0.8, ದುಡಿಯುವ ಮಗ ಒಂದು, ಅವನ ಹೆಂಡತಿ 0.8, ಮಗು 0.6, ಕೆಲಸವಿಲ್ಲದ ತಮ್ಮ ಒಂದು. ಕೂಡಿಸಿದರೆ 5.2 ಪಾಲು. ಬರುವ ಕೂಲಿ ಮಾತ್ರ ಮೂರು ಪಾಲಿನದು. ನೂರು ರೂಪಾಯಿ ಬೇಕಾದಲ್ಲಿ 58 ರೂಪಾಯಿಯೂ ಇಲ್ಲ. ಅದೂ ಕಾರ್ಖಾನೆಯವನು ಆ ಅಳತೆಯಂತೆ ಪೂರಾ ಕೂಲಿ ಕೊಟ್ಟರೆ! ಕೊರತೆ ಬಿದ್ದದ್ದು ಎಲ್ಲಿಂದ ತುಂಬುತ್ತದೆ? ತಂದೆಯ ಸಕ್ಕರೆ ಕಾಯಿಲೆಯ ಮಾತ್ರೆ ಎರಡು ದಿನಕ್ಕೊಂದಾಗುತ್ತದೆ. ಎಲ್ಲರೂ ಉಂಡ ಮೇಲೆ ಉಣ್ಣುವ ತಾಯಿಯ ತಟ್ಟೆಗೆ ಸಾರಿನ ನೀರಷ್ಟೇ ಬೀಳುತ್ತದೆ. ಈ ಕೊರತೆಯನ್ನು ಯಾವ ಗಿರಣಿಯ ಬಟವಾಡೆ ಪುಸ್ತಕದಲ್ಲೂ ಬರೆಯುವುದಿಲ್ಲ.

ಅಮ್ಮನ ಒಲೆಯಲ್ಲಿ ಮಾಲೀಕರ ಲಾಭ

ಅದೇ 1957ರ ಅಳತೆಯಲ್ಲಿ ಇನ್ನೊಂದು ಮಾತಿದೆ. ಮನೆಯ ಹೆಂಗಸರು, ಮಕ್ಕಳು, ಹರೆಯದವರು ಗಳಿಸುವುದನ್ನು ಲೆಕ್ಕಕ್ಕೆ ಹಿಡಿದು ಕೆಲಸಗಾರನ ಕೂಲಿಯನ್ನು ಇಳಿಸಬಾರದು. ಎಂಥ ನ್ಯಾಯವಾದ ಮಾತು! ಆದರೆ ಇಂದು ಹುಡುಗನನ್ನೋ ಹುಡುಗಿಯನ್ನೋ ಕೆಲಸಕ್ಕೆ ತೆಗೆದುಕೊಳ್ಳುವ ಧಣಿ ಏನು ಹೇಳುತ್ತಾನೆ? “ಮನೇಲಿ ಊಟ ಇದೆಯಲ್ಲಪ್ಪಾ, ಸದ್ಯಕ್ಕೆ ಇಷ್ಟು ಸಾಕು.” ಬಟ್ಟೆ ಅಂಗಡಿಯಲ್ಲಿ ಹನ್ನೆರಡು ತಾಸು ನಿಲ್ಲುವ ಹುಡುಗನಿಗೂ, ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹುಡುಗಿಗೂ ಇದೇ ಉತ್ತರ.

ಮನೆಯಲ್ಲಿ ಊಟ ಇದೆ, ನಿಜ. ಆ ಊಟವನ್ನು ಹಾಕುವವರು ಯಾರು? ಅವನ ತಾಯಿ ಕೂಲಿಯಿಲ್ಲದೆ ಬೇಯಿಸುತ್ತಾಳೆ. ಅವನ ತಂದೆ ತನ್ನ ಮುಪ್ಪಿನ ಹಣದಿಂದ ಅಕ್ಕಿ ತರುತ್ತಾನೆ. ಮಾಲೀಕನು ಕೊಡಬೇಕಾದ ಕೂಲಿಯ ಒಂದು ಭಾಗವನ್ನು ಈ ಮುದುಕ ಮುದುಕಿಯರು ತಮ್ಮ ಗಂಟಿನಿಂದ ಕೊಡುತ್ತಿದ್ದಾರೆ. ಕೂಡು ಕುಟುಂಬವನ್ನು ವೇದಿಕೆಯ ಮೇಲೆ ಹಾಡಿ ಹೊಗಳುವ ಶ್ರೀಮಂತರು ಏಕೆ ಹೊಗಳುತ್ತಾರೆಂಬುದನ್ನು ನಮ್ಮ ಜನ ಅರಿಯಬೇಕು.

ಸಣ್ಣ ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ನಿಮ್ಮ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ತಕ್ಕಡಿ ಹಿಡಿಯುವ ಮಗನಿಗೆ ಎಷ್ಟು ಸಂಬಳ? ಹೆಚ್ಚಿನವರ ಕಿರ್ದಿ ಪುಸ್ತಕದಲ್ಲಿ ಅವನ ಹೆಸರೇ ಇಲ್ಲ. ಚಪ್ಪಲಿ ಬೇಕಾದರೂ ಮೂವತ್ತು ವರ್ಷದ ಮಗ ಅಪ್ಪನ ಮುಂದೆ ಕೈಚಾಚಬೇಕು, ಇಲ್ಲವೇ ಗಲ್ಲಾಪೆಟ್ಟಿಗೆಗೆ ಕದ್ದು ಕೈ ಹಾಕಬೇಕು. ಮುಂದೆ ಪಾಲಾಗುವ ದಿನ ‘ನಾನು ಹತ್ತು ವರ್ಷ ದುಡಿದೆ’ ಎಂದು ಅವನೂ, ‘ಹತ್ತು ವರ್ಷ ಸಾಕಿದೆ’ ಎಂದು ಅಪ್ಪನೂ ವಕೀಲರ ಮನೆಗೆ ಹೋಗುತ್ತಾರೆ. ದೀಪಾವಳಿಗೆ ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡುವ ನೀವು ಅದರ ಒಂದು ಪುಟದಲ್ಲಿ ಮಗನ ಸಂಬಳವನ್ನೂ ಬರೆಯಿರಿ. ಬರೆದ ಲೆಕ್ಕದಿಂದ ಮನೆ ಒಡೆಯುವುದಿಲ್ಲ.

ಸರಾಸರಿಯ ಮೋಸ

1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಲೋಕಸಭೆಯಲ್ಲಿ ಎತ್ತಿದ ಪ್ರಶ್ನೆ ನಮ್ಮ ಓದುಗರಿಗೆ ಗೊತ್ತಿದೆ. ದೇಶದ ಬಹುಪಾಲು ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಅವರು ಹೇಳಿದರೆ ಸರ್ಕಾರ ಹದಿನೈದಾಣೆ ಎಂದಿತು. ಟಾಟಾ ಬಿರ್ಲಾರ ಆದಾಯವನ್ನೂ ಕೂಲಿಯವನ ಆದಾಯವನ್ನೂ ಕೂಡಿಸಿ ಭಾಗಿಸಿದರೆ ಕೂಲಿಯವನ ಬಡತನ ಮಾಯವಾಗುತ್ತದೆ. ಮನೆಯೊಳಗೂ ಇದೇ ಮೋಸ ನಡೆಯುತ್ತದೆ. ತಿಂಗಳಿಗೆ 36,000 ರೂಪಾಯಿ ಬರುವ ಆರು ಜನರ ಮನೆಯಲ್ಲಿ ತಲೆಗೆ ಆರು ಸಾವಿರವೆಂದು ಹೇಳಿದರಾಯಿತೇ? ದೊಡ್ಡ ಮಗನ ಮೋಟಾರ್ ಸೈಕಲ್ಲಿನ ಕಂತೂ ಅದರಲ್ಲೇ ಹೋಗುತ್ತದೆ. ತಾಯಿಯ ಕೈಯಲ್ಲಿ ಬಸ್ಸಿನ ಚಾರ್ಜಿಗೂ ಕಾಸಿಲ್ಲ.

2023ರಲ್ಲಿ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತದೆಂದಾಗ ಆ ಯಜಮಾನಿ ಅತ್ತೆಯೋ ಸೊಸೆಯೋ ಎಂದು ಊರೆಲ್ಲ ನಗೆಯಾಡಿತು. ಒಂದು ಕಾರ್ಡಿಗೆ ಒಬ್ಬಳೇ ಯಜಮಾನಿ. ಒಂದೇ ಒಲೆಯಲ್ಲಿ ಬೇಯಿಸುವವರು ರೇಷನ್ ಕಾರ್ಡನ್ನು ಎರಡು ಮಾಡಲು ಓಡಾಡಿದರು. ತನ್ನ ಹೆಸರಿನಲ್ಲಿ ಎಂದೂ ಒಂದು ರೂಪಾಯಿ ಕಾಣದ ಹೆಂಗಸರು ಕೊನೆಗೆ ಕಂಡ ಹಣಕ್ಕೆ ಕೈ ಚಾಚಿದರೆ ಅದರಲ್ಲಿ ನಗುವಂಥದೇನಿದೆ?

ನಾವು ಮಾಡಬೇಕಾದುದು

ಮೊದಲು ಮನೆಯಲ್ಲಿ. ಬಟವಾಡೆಯ ಮರುದಿನ ಎಲ್ಲರೂ ಕುಳಿತು ಒಂದು ನೋಟುಪುಸ್ತಕದಲ್ಲಿ ಬರೆಯಲಿ. ಎಲ್ಲರಿಂದಲೂ ಸಮ ಮೊತ್ತ ಕೇಳುವುದು ನ್ಯಾಯವಲ್ಲ, ಗಳಿಕೆಯ ಒಂದೇ ಪ್ರಮಾಣವನ್ನು ಕೇಳಬೇಕು. ಮೂರರಲ್ಲಿ ಒಂದು ಪಾಲೆಂದು ಒಪ್ಪಿದರೆ 24,000 ತರುವವನು 8,000 ಹಾಕಲಿ, 12,000 ತರುವವನು 4,000 ಹಾಕಲಿ. ಮಗಳ ಗಳಿಕೆಗೂ ಇದೇ ನಿಯಮ. ಅವಳ ಸಂಬಳವನ್ನೆಲ್ಲ ಮನೆಗೆ ಸುರಿದುಕೊಂಡು ಮಗನ ಸಂಬಳವನ್ನು ಅವನ ಜೇಬಿನಲ್ಲಿ ಬಿಡುವುದು ಅನ್ಯಾಯ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲೆಂದು ಕರ್ನಾಟಕ 1994ರಲ್ಲೇ, ಇಡೀ ದೇಶ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನನ್ನು ತಿದ್ದಿದೆ. ಹಕ್ಕಿನಲ್ಲಿ ಸಮಪಾಲು ಕೊಡದೆ ಹೊರೆಯಲ್ಲಿ ಮಾತ್ರ ಹೆಚ್ಚು ಪಾಲು ಹೊರಿಸುವುದು ಯಾವ ಧರ್ಮ? ತಾಯಿಯ ಕೈಖರ್ಚು ಉಳಿದರೆ ಕೊಡುವ ಬಾಬತ್ತಾಗಬಾರದು, ಪಟ್ಟಿಯ ಮೊದಲ ಸಾಲಾಗಬೇಕು. ಕೆಲಸವಿಲ್ಲದ ಮಗ ನೀರು ತರಲಿ, ರೇಷನ್ ತರಲಿ, ತಂದೆಯನ್ನು ಆಸ್ಪತ್ರೆಗೆ ಕರೆದೊಯ್ಯಲಿ. ಅದನ್ನೂ ದುಡಿಮೆಯೆಂದು ಬರೆಯಿರಿ. ತಂದೆಯ ಪ್ರಾವಿಡೆಂಟ್ ಫಂಡಿನ ಗಂಟನ್ನು ಮದುವೆಯ ಊಟಕ್ಕೂ ಮೋಟಾರ್ ಸೈಕಲ್ಲಿಗೂ ಮುಟ್ಟಬೇಡಿ.

ಆದರೆ ಮನೆಯ ಪುಸ್ತಕ ಎಷ್ಟು ಚೊಕ್ಕವಾಗಿದ್ದರೂ ಮೂರು ಪಾಲಿನ ಕೂಲಿ ಐದು ಪಾಲಾಗುವುದಿಲ್ಲ. ಅದು ಬೀದಿಯಲ್ಲಿ ನಿಂತು ಕೇಳಬೇಕಾದ ಲೆಕ್ಕ. ಮಕ್ಕಳು ತಂದೆತಾಯಿಗಳನ್ನು ಸಾಕಬೇಕೆಂದು 2007ರಲ್ಲಿ ಕಾನೂನು ಬಂತು. ತಿಂಗಳಿಗೆ 10,000 ರೂಪಾಯಿಯವರೆಗೆ ಕೊಡುವಂತೆ ಮಗನಿಗೆ ಆಜ್ಞೆ ಮಾಡಬಹುದು. ಸಾಕದ ಮಗನನ್ನು ಕೇಳುವುದು ಸರಿಯೇ. ಹಾಗಾದರೆ ಸರ್ಕಾರ ತಾನು ಎಷ್ಟು ಕೊಡುತ್ತದೆ? ಸಂಧ್ಯಾ ಸುರಕ್ಷಾ ಪಿಂಚಣಿ 2021ರಲ್ಲಿ ಏರಿದ್ದು 1,200 ರೂಪಾಯಿಗೆ. ಆಯುಷ್ಯವೆಲ್ಲ ಯಂತ್ರದ ಮುಂದೆ ನಿಂತು ಪಿ.ಎಫ್. ಕಟ್ಟಿದ ಕೆಲಸಗಾರನಿಗೆ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪಿಂಚಣಿ 1,000 ರೂಪಾಯಿ. ಮಗನಿಗೊಂದು ತಕ್ಕಡಿ, ಸರ್ಕಾರಕ್ಕೊಂದು ತಕ್ಕಡಿ!

ಆದ್ದರಿಂದ ನಮ್ಮ ಬೇಡಿಕೆ ನೇರವಾದುದು. ಕನಿಷ್ಠ ಕೂಲಿಯ ಅಳತೆಯಲ್ಲಿ ಕೆಲಸಗಾರನ ವೃದ್ಧ ತಂದೆತಾಯಿಗಳ ಪಾಲೂ ಸೇರಬೇಕು. ಮುದುಕರಾದವರು ಮಗನ ಮುಖ ನೋಡದೆ ಎರಡು ಹೊತ್ತು ಉಣ್ಣುವಷ್ಟು ಪಿಂಚಣಿ ಸಿಗಬೇಕು. ಹೊಸದಾಗಿ ಸಂಸಾರ ಹೂಡುವ ಕಾರ್ಮಿಕರಿಗೆ ಕೈಗೆಟುಕುವ ಬಾಡಿಗೆಯ ಮನೆಗಳು ಏಳಬೇಕು. ಆಗ ಮಕ್ಕಳು ಜೊತೆಯಲ್ಲಿರಲಿ, ಬೇರೆಯಿರಲಿ, ಅದು ಅವರವರ ಇಷ್ಟ. ಬರುವ ಬಟವಾಡೆಯ ದಿನ ಮನೆಯ ಪುಸ್ತಕ ತೆರೆಯಿರಿ. ಕೊರತೆ ಎಷ್ಟೆಂದು ಬರೆದು ಸಂಘದ ಸಭೆಗೆ ತನ್ನಿ. ನೂರು ಮನೆಗಳ ಕೊರತೆಯನ್ನು ಒಟ್ಟಿಗೆ ಕೂಡಿಸಿ ಮುಂದಿಟ್ಟರೆ ಧಣಿಗಳೂ ಸರ್ಕಾರವೂ ಉತ್ತರ ಹೇಳಲೇಬೇಕಾಗುತ್ತದೆ.