ಹಿಡಿ ಕೈಗೆ ಹೊಂದಬೇಕು

ಅಡಕೆಯ ಕೊನೆಗಾರ ಇನ್ನೊಬ್ಬರ ಕತ್ತಿಯನ್ನು ಮುಟ್ಟುವುದಿಲ್ಲ. ಕತ್ತಿ ಹರಿತವಿಲ್ಲವೆಂದಲ್ಲ, ಹಿಡಿ ತನ್ನ ಕೈಯದಲ್ಲವೆಂದು. ಬಯಲುಸೀಮೆಯಲ್ಲಿಯೂ ಹೀಗೆಯೇ. ಆಳಂದ ತಾಲ್ಲೂಕಿನ ಖಜೂರಿಯ ಕಡೆ ಕಾಫಿಯೂ ಇಲ್ಲ, ಅಡಕೆಯೂ ಇಲ್ಲ. ಆದರೆ ಕೊಡಲಿಗೆ ಜಾಲಿಯ ಕಾವು ಹಾಕಿಸುವ ರೈತ ಅದನ್ನು ತನ್ನ ಮುಷ್ಟಿಗೆ ಸರಿಯಾಗುವವರೆಗೆ ಕೆತ್ತಿಸದೆ ಬಿಡುವುದಿಲ್ಲ. ದಿನವೂ ದುಡಿಯುವ ಹತ್ಯಾರಿನ ವಿಷಯದಲ್ಲಿ ನಮಗೆಲ್ಲ ಈ ವಿವೇಕವಿದೆ. ಬೀರುವಿನಲ್ಲಿ ಬೀಗ ಹಾಕಿಟ್ಟ ರಿವಾಲ್ವರಿನ ವಿಷಯದಲ್ಲಿ ಮಾತ್ರ ಅದು ಕಾಣುವುದಿಲ್ಲ. ಈ ಸಲ ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆನಿಸಿದೆ.

ನಮ್ಮ ಬೆಳೆಗಾರರಲ್ಲಿ ರಿವಾಲ್ವರ್ ಇರುವವರು ಕಡಿಮೆ. ಹೆಚ್ಚಿನ ಮನೆಗಳಲ್ಲಿರುವುದು ಬೆಳೆರಕ್ಷಣೆಯ ಕೋವಿ. ರಿವಾಲ್ವರ್ ಬೆಳೆ ಕಾಯುವ ಆಯುಧವೂ ಅಲ್ಲ. ಆನೆಯ ಎದುರು ಅದನ್ನು ತೆಗೆಯುವುದು ಅವಿವೇಕ. ಆದರೂ ಬಟವಾಡೆಯ ನಗದನ್ನು ಪೇಟೆಯಿಂದ ಚೀಲದಲ್ಲಿ ತರುತ್ತಿದ್ದ ಕಾಲದಲ್ಲಿ ಕೊಂಡ ಕೆಲವು ರಿವಾಲ್ವರುಗಳು ಒಂಟಿಮನೆಗಳಲ್ಲಿ ಉಳಿದಿವೆ. ಈಗ ಅವು ತಂದೆಯಿಂದ ಮಗನಿಗೆ, ಮಗಳಿಗೆ, ಸೊಸೆಗೆ ಬರುತ್ತಿವೆ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರ ತೀರಿಕೊಂಡ ಮೇಲೆ ಮಾತ್ರವಲ್ಲ, ಅವರಿಗೆ 70 ವರ್ಷ ತುಂಬಿದಾಗ ಅಥವಾ ಆಯುಧ ಅವರ ಬಳಿ 25 ವರ್ಷ ಇದ್ದ ಮೇಲೆ, ಯಾವುದು ಮೊದಲೋ ಆಗ, ವಾರಸುದಾರರು ಪರವಾನಗಿ ಕೇಳಬಹುದು. ಹೀಗೆ ಕಾಗದದಲ್ಲಿ ಹೆಸರು ಬದಲಾಗುತ್ತದೆ. ಹಿಡಿ ಮಾತ್ರ ಅಪ್ಪನ ಕೈಯದೇ ಉಳಿಯುತ್ತದೆ.

ನಮ್ಮ ಮನೆಯಲ್ಲಿ ಆದದ್ದೂ ಇದೇ. ತಂದೆಯವರ ಅಂಗೈ ದೊಡ್ಡದು. ಅವರು ಅಂದಕ್ಕೆಂದು ಹಾಕಿಸಿದ್ದ ಬೀಟೆಯ ದಪ್ಪ ಹಿಡಿ, ಕನ್ನಡಿಯಂತೆ ಹೊಳೆಯುತ್ತಿತ್ತು. ಅಭ್ಯಾಸಕ್ಕೆ ನಿಂತ ಮೊದಲ ದಿನ, ಟ್ರಿಗರ್ ಮುಟ್ಟಲು ನಾವು ಕೈಯನ್ನು ಪಕ್ಕಕ್ಕೆ ಜಾರಿಸಬೇಕಾಯಿತು. ಜುಲೈ ತಿಂಗಳ ಥಂಡಿ, ಒದ್ದೆ ಕೈ. ಎರಡನೆಯ ಗುಂಡಿಗೆ ರಿವಾಲ್ವರ್ ಅಂಗೈಯೊಳಗೆ ತಿರುಗಿ, ನಳಿಗೆ ನಾವೆಣಿಸದ ದಿಕ್ಕಿಗೆ ಹೋಯಿತು. ಆ ದಿಕ್ಕಿನಲ್ಲಿ ಯಾರೂ ಇರಲಿಲ್ಲ, ಅಷ್ಟೇ. ಅಂದಿನಿಂದ ನಮ್ಮ ಅಭಿಪ್ರಾಯ ಒಂದೇ: ಕೈಗೆ ಹೊಂದದ ಹಿಡಿಯ ರಿವಾಲ್ವರ್ ಕಳ್ಳನಿಗಿಂತ ಮನೆಯವರಿಗೇ ಹೆಚ್ಚು ಅಪಾಯ.

ಕಾರಣ ಸರಳವಾಗಿದೆ. ಹಿಡಿ ದಪ್ಪವಾದರೆ ಬೆರಳು ಟ್ರಿಗರಿಗೆ ಎಟುಕದೆ ಕೈ ಸುತ್ತಿಕೊಳ್ಳುತ್ತದೆ. ಆಗ ನಳಿಗೆ ಮುಂಗೈಯ ಗೆರೆಯಲ್ಲಿ ನಿಲ್ಲುವುದಿಲ್ಲ. ತೆಳುವಾದರೆ ಗುಂಡಿನ ಹಿಮ್ಮೊದೆತವೆಲ್ಲ ಅಂಗೈಯ ಒಂದೇ ಜಾಗಕ್ಕೆ ಬಡಿಯುತ್ತದೆ, ಪ್ರತಿ ಗುಂಡಿಗೂ ಆಯುಧ ಕೈಯಲ್ಲಿ ಸರಿಯುತ್ತದೆ. ಆಯುಧ ಹಗುರವಾದಷ್ಟೂ ಒದೆತ ಹೆಚ್ಚು ತಿಳಿಯುತ್ತದೆ. ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆ 2014ರಲ್ಲಿ ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ತಂದ ‘ನಿರ್ಭೀಕ್’ ರಿವಾಲ್ವರ್ ಸುಮಾರು ಅರ್ಧ ಕಿಲೋ ತೂಗುತ್ತದೆ. ಚೀಲದಲ್ಲಿ ಒಯ್ಯಲು ಅದು ಸುಲಭ. ಆದರೆ ಹಗುರವಿದೆ ಎಂದ ಮಾತ್ರಕ್ಕೆ ಹಿಡಿ ಹೊಂದುತ್ತದೆಂದು ತಿಳಿಯಬಾರದು. ಹೆಂಗಸರ ಕೈಗಳೂ ಎಲ್ಲವೂ ಒಂದೇ ಅಳತೆಯವಲ್ಲ.

ಪರೀಕ್ಷೆ ಮಾಡಲು ಖರ್ಚಿಲ್ಲ. ಮೊದಲು ರಿವಾಲ್ವರನ್ನು ತೆರೆದು ಗುಂಡಿನ ಮನೆಗಳೆಲ್ಲ ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಎರಡು ಸಲ ನೋಡಬೇಕು. ಗುಂಡುಗಳು ಆ ಕೋಣೆಯಲ್ಲೇ ಇರಬಾರದು. ನಳಿಗೆ ಮಣ್ಣಿನ ದಿಬ್ಬದತ್ತ ಇರಲಿ. ಹೆಬ್ಬೆರಳು ತೋರುಬೆರಳಿನ ನಡುವಣ ಸಂದು ಹಿಡಿಯ ಹಿಂಭಾಗದಲ್ಲಿ ಎಷ್ಟು ಮೇಲೆ ಕೂರಬಹುದೋ ಅಷ್ಟು ಮೇಲೆ ಕೂರಲಿ. ಈಗ ನಳಿಗೆ ಮತ್ತು ಮುಂಗೈ ಒಂದೇ ಗೆರೆಯಲ್ಲಿವೆಯೇ? ಹಿಡಿತ ಕದಲಿಸದೆ ತೋರುಬೆರಳಿನ ತುದಿಯ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಬರುತ್ತದೆಯೇ? ನಡುಬೆರಳಿನ ಗೆಣ್ಣಿಗೆ ಟ್ರಿಗರಿನ ಕಾಪು ಬಡಿಯುವುದಿಲ್ಲವೇ? ಬಡಿಯುವುದಾದರೆ ಕಾಪಿನ ಹಿಂದಿನ ಖಾಲಿ ಜಾಗವನ್ನು ತುಂಬುವ ಹಿಡಿ ಬೇಕು. ಬೆರಳಿನ ಗುಳಿಗಳಿರುವ ಹಿಡಿ ನೋಡಲು ಚೆಂದ. ಆದರೆ ಆ ಗುಳಿಗಳು ಯಾರದೋ ಬೆರಳಿಗೆ ಕೊರೆದವು. ನಿಮ್ಮ ಬೆರಳು ಏಣಿನ ಮೇಲೆ ಕೂತರೆ ಅದು ಬೇಡ. ಎಡಗೈಯವರು ಹೆಬ್ಬೆರಳಿಗೆ ಆಸರೆ ಕೆತ್ತಿದ ಹಿಡಿಯನ್ನು ಕೊಳ್ಳುವ ಮೊದಲು ಅದು ಯಾವ ಕೈಯದೆಂದು ನೋಡಬೇಕು.

ಯಾವುದರಿಂದ ಮಾಡಿದ್ದು ಎಂಬುದು ಎರಡನೆಯ ಪ್ರಶ್ನೆ. ನುಣುಪು ಮರ ಮಳೆಗಾಲದ ಕೈಗೆ ಜಾರುತ್ತದೆ. ಚೌಕುಳಿ ಗೀರು ಹಾಕಿದ ಮರ ನಿಲ್ಲುತ್ತದೆ. ರಬ್ಬರು ಒದೆತವನ್ನು ಸ್ವಲ್ಪ ನುಂಗಿಕೊಳ್ಳುತ್ತದೆ, ಗೆಣ್ಣು ನೋವಿನವರಿಗೆ ಹಿತ. ಆದರೆ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಬೀಟೆ ಗಟ್ಟಿ, ಎಣ್ಣೆಯಂಶದ ಮರ, ಒಳ್ಳೆಯದೇ. ಆದರೆ ತೋಟದ ಬೀಟೆಯನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಹಳೆಯ ಮಂಚದ ಮುರಿದ ಕಾಲು ಅಟ್ಟದಲ್ಲಿದ್ದರೆ ಎರಡು ಹಿಡಿಗೆ ಸಾಕು. ಒಣಗಿ ಹದಗೊಂಡೂ ಇರುತ್ತದೆ. ಆನೆದಂತ, ಕಡವೆ ಕೊಂಬುಗಳ ಆಸೆಯನ್ನಂತೂ ಬಿಡಿ. ತೋಟದಲ್ಲಿ ತಾನಾಗಿ ಉದುರಿದ ಕೊಂಬೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕೆಳಗೆ ಬರುತ್ತದೆ. 2023ರಲ್ಲಿ ಹುಲಿಯುಗುರಿನ ಪದಕಗಳಿಂದ ನಾಡಿನಲ್ಲಿ ಎದ್ದ ಗದ್ದಲವನ್ನು ನಾವು ಮರೆಯಬಾರದು.

ಒಂದು ಮಾದರಿಯ ಹಿಡಿ ಇನ್ನೊಂದಕ್ಕೆ ಕೂರುವುದಿಲ್ಲ. ಕೂರಿಸಲೆಂದು ಉಕ್ಕಿನ ಚೌಕಟ್ಟಿಗೆ ಅರ ಹಾಕಿಸಬಾರದು, ಮರವನ್ನೇ ತಿದ್ದಬೇಕು. ಕೆಲವು ರಿವಾಲ್ವರುಗಳಲ್ಲಿ ಸಂಖ್ಯೆ ಹಿಡಿಯ ಭಾಗದಲ್ಲೇ ಕೊರೆದಿರುತ್ತದೆ. ಅದನ್ನು ಅಳಿಸುವುದು ಅಪರಾಧ, ಮುಚ್ಚಿಟ್ಟರೆ ತಪಾಸಣೆಯಲ್ಲಿ ತೊಂದರೆ. ಊರಿನ ಬಡಗಿ ಎಷ್ಟೇ ನಂಬಿಕಸ್ಥನಾದರೂ ರಿವಾಲ್ವರನ್ನು ಅವನ ಅಂಗಡಿಯಲ್ಲಿ ಬಿಟ್ಟುಬರುವಂತಿಲ್ಲ. 1959ರ ಆಯುಧ ಕಾಯಿದೆಯಂತೆ ಆಯುಧದ ದುರಸ್ತಿಗೂ ಪರವಾನಗಿ ಬೇಕು. ಹಳೆಯ ಹಿಡಿಯ ಎರಡು ಹೋಳುಗಳನ್ನು ಮಾತ್ರ ಬಿಚ್ಚಿ ಬಡಗಿಗೆ ಮಾದರಿಯಾಗಿ ಕೊಡಬಹುದು. ಹೊಸದನ್ನು ಕೂರಿಸುವ ಕೆಲಸ ಪರವಾನಗಿ ಇರುವ ಕೋವಿ ರಿಪೇರಿಯವರದು.

ಮಲೆನಾಡಿನ ಮಳೆಯಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ತಿರುಪು ಸಡಿಲುತ್ತದೆ. ಹಿಡಿಯ ಒಳಗೆ ನಿಂತ ತೇವ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಆದ್ದರಿಂದ ಮಳೆಗಾಲ ಮುಗಿದ ಮೇಲೆ ಹಿಡಿ ಬಿಚ್ಚಿ ಒಳಭಾಗ ಒರೆಸಿ, ಉಕ್ಕಿಗೆ ತೆಳುವಾಗಿ ಕೋವಿಯ ಎಣ್ಣೆ ಸವರಬೇಕು. ಮರಕ್ಕೆ ಬಯಲುಸೀಮೆಯ ಅಗಸೆ ಎಣ್ಣೆ ಉತ್ತಮ. ತೀರ ತೆಳುವಾಗಿ ತಿಕ್ಕಿ, ಪೂರ್ತಿ ಒಣಗಲು ಬಿಡಬೇಕು. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಕಾವೇರಿ ಬೆಂಕಿ ಹತ್ತುವುದುಂಟು. ಹರವಿ ಒಣಗಿಸಿ.

‘ಜೀವಮಾನದಲ್ಲಿ ಒಂದು ಗುಂಡನ್ನೂ ಹಾರಿಸದ ಆಯುಧಕ್ಕೆ ಇಷ್ಟೆಲ್ಲ ಏಕೆ?’ ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಹಾರಿಸದಿರುವುದೇ ಒಳ್ಳೆಯದು, ಅವರ ಮಾತನ್ನು ಒಪ್ಪುತ್ತೇವೆ. ಆದರೆ ತೆಗೆಯಬೇಕಾಗಿ ಬರುವ ಹೊತ್ತು ಕತ್ತಲೆಯದು, ಗಾಬರಿಯದು, ಮನೆಮಂದಿ ಸುತ್ತ ಇರುವಂಥದು. ಹಿಡಿಯನ್ನು ಸರಿಪಡಿಸಿಕೊಳ್ಳಲು ಆಗ ಸಮಯವಿರುವುದಿಲ್ಲ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇವೆ. ಯಾವ ಹಿಡಿ ಹಾಕಿಸಿದರೂ ಕೈ ನಡುಗುವ, ಟ್ರಿಗರ್ ಎಳೆಯಲಾರದ ವಯಸ್ಸು ಬರುತ್ತದೆ. ಆಗ ದೋಷ ಮರದ್ದಲ್ಲ. ತೋಟದ ಪಾರುಪತ್ಯವನ್ನು ಮಕ್ಕಳಿಗೆ ಬಿಟ್ಟುಕೊಟ್ಟವರು ರಿವಾಲ್ವರನ್ನು ಮಾತ್ರ ಮಾನದ ಕುರುಹಾಗಿ ತಲೆದಿಂಬಿನ ಹತ್ತಿರ ಇಟ್ಟುಕೊಳ್ಳುವುದನ್ನು ನೋಡಿದ್ದೇವೆ. ಅದು ಸರಿಯಲ್ಲ. ಕಲಿತ, ಪರವಾನಗಿ ಪಡೆದ ವಾರಸುದಾರರಿದ್ದರೆ ಅವರ ಹೆಸರಿಗೆ ಮಾಡಿಸಿ, ಹಿಡಿಯನ್ನು ಅವರ ಕೈಗೆ ಬದಲಿಸಿ. ಇಲ್ಲದಿದ್ದರೆ ಪರವಾನಗಿ ಇರುವ ವ್ಯಾಪಾರಿಗೆ ಮಾರಿ. ಮಾನವೇನೂ ಹೋಗುವುದಿಲ್ಲ.

ಕೊಡಗಿನ ನಮ್ಮ ಬಂಧುಗಳು ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದಿನ ದಿನ ಕೋವಿಗೆ ತೋಕ್‌ಪೂವು ಮುಡಿಸಿ ಪೂಜಿಸುತ್ತಾರೆ; ಉಳಿದವರಿಗೆ ನವರಾತ್ರಿಯಲ್ಲಿ ಆಯುಧಪೂಜೆಯಿದೆ. ಕುಂಕುಮವಿಡುವ ಮೊದಲು ಖಾಲಿ ಮಾಡಿದ ಆಯುಧವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ: ತಿರುಪು ಬಿಗಿಯಾಗಿದೆಯೇ, ಬೆರಳು ಎಟುಕುತ್ತದೆಯೇ, ಕೈ ಕಳೆದ ವರ್ಷದಂತೆಯೇ ಇದೆಯೇ? ವರ್ಷಕ್ಕೊಮ್ಮೆ ಇಷ್ಟು ನೋಡಿಕೊಂಡವರ ಮನೆಯಲ್ಲಿ ಆಯುಧವಿದ್ದರೂ ಭಯವಿರುವುದಿಲ್ಲ.